ನೀವು ಕೇಳಿದ್ರಿ: ಸದನದಲ್ಲಿ ಎದ್ದು ನಿಂತ ಹೆಂಗಸಿನ ಮಾತು

ಹೋದ ಸಂಚಿಕೇಲಿ ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಬರೀತಾ ಅಮೆರಿಕದ ಸೆನೆಟರ್ ಮಾರ್ಗರೆಟ್ ಚೇಸ್ ಸ್ಮಿತ್ ಹೆಸರು ಎತ್ತಿದ್ದೆ, 1950ರಲ್ಲಿ ಸ್ವಂತ ಪಕ್ಷದವನ ಎದುರಿಗೇ ಸದನದಲ್ಲಿ ಎದ್ದು ನಿಂತು ಮಾತಾಡಿದವರು ಅಂತ ಒಂದೇ ಸಾಲು. ಅದನ್ನ ಹಿಡ್ಕೊಂಡು ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಭದ್ರಾವತಿ ಕಡೆಯಿಂದ ಪತ್ರ, ವಾಟ್ಸಾಪ್ ಮೆಸೇಜು ಎಲ್ಲ ಬಂದಿದಾವೆ. ಈ ಸಲ ಪೂರ್ತಿ ಜಾಗ ಅದಕ್ಕೇ ಕೊಟ್ಟಿದೀನಿ.

ಸೆನೆಟರ್ ಅಂದ್ರೆ ನಮ್ಮ ಎಂಎಲ್‌ಸಿ ಥರಾನಾ, ಎಂಪಿ ಥರಾನಾ? ಇವ್ರು ದೊಡ್ಡ ಮನೆತನದವ್ರಾ? ಪೊಲಿಟಿಕಲ್ ಸೈನ್ಸ್ ಓದ್ತಿದೀನಿ, ನಮ್ಮ ಪುಸ್ತಕದಲ್ಲಿ ಇವ್ರ ಹೆಸ್ರೇ ಇಲ್ಲ.
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಸಾಗರ

ತಂಗಿ, ನಮ್ಮ ರಾಜ್ಯಸಭೆ ಇದೆಯಲ್ಲ, ಅದು ಸುಮಾರಾಗಿ ಹತ್ರ ಬರುತ್ತೆ. ಆರು ವರ್ಷದ ಅವಧಿ, ಎರಡು ವರ್ಷಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ಸೀಟು ಖಾಲಿಯಾಗೋದು, ಕನಿಷ್ಠ ವಯಸ್ಸು 30, ಇದೆಲ್ಲ ಎರಡೂ ಕಡೆ ಒಂದೇ. ನಮ್ಮಲ್ಲಿ ರಾಜ್ಯಸಭೆಗೆ ಎಂಎಲ್‌ಎಗಳು ಓಟು ಹಾಕ್ತಾರೆ, ಕರ್ನಾಟಕಕ್ಕೆ 12 ಸೀಟು, ಉತ್ತರ ಪ್ರದೇಶಕ್ಕೆ 31. ಅಲ್ಲಿ 1913ರ ತಿದ್ದುಪಡಿ ಆದ್ಮೇಲೆ ಜನರೇ ನೇರ ಓಟು ಹಾಕೋದು, ರಾಜ್ಯ ಚಿಕ್ಕದಿರ್ಲಿ ದೊಡ್ಡದಿರ್ಲಿ ತಲಾ ಎರಡೇ ಸೀಟು. ಅಧಿಕಾರನೂ ಜಾಸ್ತಿ. ಸುಪ್ರೀಂ ಕೋರ್ಟ್ ಜಡ್ಜು, ಮಂತ್ರಿಗಳು, ಬೇರೆ ದೇಶದ ಜೊತೆ ಒಪ್ಪಂದ, ಇದ್ಯಾವುದೂ ಸೆನೆಟ್ ಒಪ್ಪಿಗೆ ಇಲ್ದೆ ಮುಂದೆ ಹೋಗಲ್ಲ. 1949ರ ಜನವರೀಲಿ ಸ್ಮಿತ್ ಅಲ್ಲಿಗೆ ಕಾಲಿಟ್ಟಾಗ 48 ರಾಜ್ಯದಿಂದ 96 ಜನ ಸೆನೆಟರು, ಅದ್ರಲ್ಲಿ ಹೆಂಗಸು ಇವರೊಬ್ಬರೇ.

ಮನೆತನದ ವಿಷಯ ಕೇಳಿದೀಯ. ಮೇನ್ ಅನ್ನೋ ರಾಜ್ಯ ಅಮೆರಿಕದ ಈಶಾನ್ಯ ಮೂಲೇಲಿದೆ, ಕಾಡು, ಚಳಿ, ನದಿ ದಂಡೇಲಿ ಮಿಲ್ಲುಗಳು. ಅಲ್ಲಿ ಸ್ಕೌಹೀಗನ್ ಅನ್ನೋ ಸಣ್ಣ ಊರಲ್ಲಿ 1897ರಲ್ಲಿ ಹುಟ್ಟಿದ್ದು. ಅಪ್ಪ ಕಟಿಂಗ್ ಶಾಪ್ ಇಟ್ಕೊಂಡಿದ್ದವರು, ಅಮ್ಮ ಹೋಟ್ಲಲ್ಲೂ ಶೂ ಫ್ಯಾಕ್ಟರೀಲೂ ದುಡಿದವರು, ಆರು ಮಕ್ಕಳಲ್ಲಿ ಇವರೇ ದೊಡ್ಡವರು. ಕಾಲೇಜು ಮೆಟ್ಟಿಲು ಹತ್ತಲೇ ಇಲ್ಲ. ಹೈಸ್ಕೂಲು ಮುಗಿಸಿ ಸ್ವಲ್ಪ ದಿನ ಟೀಚರ್ ಆಗಿದ್ರು, ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಆಪರೇಟರ್ ಆಗಿದ್ರು, ಊರಿನ ಪತ್ರಿಕೇಲಿ, ಉಣ್ಣೆ ಮಿಲ್ಲಿನ ಆಫೀಸಲ್ಲಿ ಕೆಲಸ ಮಾಡಿದ್ರು. 1930ರಲ್ಲಿ ಕ್ಲೈಡ್ ಸ್ಮಿತ್ ಅನ್ನೋ ರಾಜಕಾರಣೀನ ಮದುವೆ ಆದ್ರು, ಅವರು 1936ರಲ್ಲಿ ಕೆಳಮನೆಗೆ ಗೆದ್ದಾಗ ಇವರು ಅವರ ಸೆಕ್ರೆಟರಿ ಆಗಿ ವಾಷಿಂಗ್ಟನ್ನಿಗೆ ಹೋದ್ರು, 1940ರಲ್ಲಿ ಗಂಡ ತೀರ್ಕೊಂಡ್ರು, ಬೈಎಲೆಕ್ಷನಲ್ಲಿ ಇವರು ನಿಂತು ಗೆದ್ರು. ಗಂಡನ ಸೀಟು ಹೆಂಡ್ತಿಗೆ ಅಂತ ಆಗ ಮಾತಾಡ್ಕೊಂಡವರಿದ್ರು, ಒಳಗೆ ಹೋಗಿದ್ದು ಹಂಗೇ, ಅದನ್ನ ಮುಚ್ಚಿಡೋದು ಬೇಡ.

ಆದ್ರೆ ಸೆನೆಟ್ ಸೀಟು ಯಾರೂ ಕೊಟ್ಟಿದ್ದಲ್ಲ. 1948ರಲ್ಲಿ ಪಕ್ಷದ ಒಳಗಿನ ಚುನಾವಣೇಲೇ ಎದುರಿಗಿದ್ದವರು ಒಬ್ಬ ಹಾಲಿ ಗವರ್ನರ್, ಒಬ್ಬ ಮಾಜಿ ಗವರ್ನರ್, ಒಬ್ಬ ಪಾದ್ರಿ. ಅಲ್ಲಿ ಗವರ್ನರ್ ಅಂದ್ರೆ ನಮ್ಮ ಮುಖ್ಯಮಂತ್ರಿ ಲೆಕ್ಕ. ಗಂಡಸ್ರು ಸಿಗೋವಾಗ ಹೆಂಗಸನ್ನ ಯಾಕೆ ವಾಷಿಂಗ್ಟನ್ನಿಗೆ ಕಳಿಸ್ಬೇಕು ಅಂತ ಕೇಳಿದ್ದು ಎದುರಾಳಿ ಒಬ್ಬರ ಹೆಂಡ್ತಿ. ಪ್ರಚಾರದ ಮಧ್ಯೆ ಐಸ್ ಮೇಲೆ ಜಾರಿ ಬಿದ್ದು ಕೈ ಮುರೀತು, ಪ್ಲಾಸ್ಟರ್ ಹಾಕಿಸ್ಕೊಂಡು ಅವತ್ತು ಸಂಜೇನೇ ಮುಂದಿನ ಊರಲ್ಲಿ ಭಾಷಣ ಮಾಡಿದ್ರು. ಮೂರೂ ಜನರ ಓಟು ಕೂಡಿಸಿದ್ರೂ ಇವರಿಗೆ ಬಂದಷ್ಟು ಆಗಲಿಲ್ಲ. ಕೆಳಮನೆ ಮೇಲ್ಮನೆ ಎರಡರಲ್ಲೂ ಕೂತ ಮೊದಲ ಅಮೆರಿಕನ್ ಮಹಿಳೆ ಇವರು. ನಿನ್ನ ಪರೀಕ್ಷೆಗೆ ಈ ಒಂದು ವಾಕ್ಯ ಸಾಕಾಗ್ಬೋದು, ಆದ್ರೆ ಮೊದಲ ಮಹಿಳೆ ಅನ್ನೋದಕ್ಕಿಂತ ಒಳಗೆ ಹೋಗಿ ಏನು ಮಾತಾಡಿದ್ರು ಅನ್ನೋದೇ ನನಗೆ ಮುಖ್ಯ, ಅದು ಮುಂದಿನ ಉತ್ತರದಲ್ಲಿದೆ, ಪೂರ್ತಿ ಓದು.

ಅಕ್ಕ, ನಾನು ಮೊದಲನೇ ಸಲ ಗ್ರಾಮ ಪಂಚಾಯಿತಿ ಸದಸ್ಯೆ ಆದವಳು. ಮೀಟಿಂಗಲ್ಲಿ ಹೆಂಗಸ್ರೆಲ್ಲ ಒಂದು ಸಾಲಲ್ಲಿ ಕೂತಿರ್ತೀವಿ, ಟೀ ಬಿಸ್ಕತ್ತು ಬರುತ್ತೆ, ಕೊನೇಗೆ ನಡಾವಳಿ ಪುಸ್ತಕ ಬರುತ್ತೆ, ಸಹಿ ಮಾಡಿ ಎದ್ದು ಬರ್ತೀವಿ. ನಮ್ಮ ವಾರ್ಡಿನ ಹಳ್ಳಕ್ಕೆ ಒಂದು ಕಾಲುಸಂಕ ಆಗ್ಬೇಕು, ಮಳೆಗಾಲದಲ್ಲಿ ಮಕ್ಕಳು ಅಡಿಕೆ ಮರದ ದಬ್ಬೆ ಮೇಲೆ ದಾಟ್ಕೊಂಡು ಶಾಲೆಗೆ ಹೋಗೋದು. ಎದ್ದು ಹೇಳಿದ್ರೆ 'ಯಜಮಾನ್ರನ್ನ ಕಳ್ಸಿ, ಮಾತಾಡಣ' ಅಂತಾರೆ. ನನ್ನ ಜೊತೆ ಒಂದೇ ಗುಂಪಲ್ಲಿ ಗೆದ್ದವ್ರೇ ನನ್ನ ಬಾಯಿ ಮುಚ್ಚಿಸೋದು. ಆ ಸೆನೆಟರ್ ಅಮ್ಮ ಹೆಂಗೆ ಮಾತಾಡಿದ್ರು, ಆಮೇಲೆ ಅವ್ರಿಗೆ ಎಂತ ಆಯ್ತು, ಸ್ವಲ್ಪ ಬಿಡ್ಸಿ ಬರೀರಿ. ಹೆಸ್ರು ಹಾಕ್ಬೇಡಿ.
– ಹೊಸನಗರ ತಾಲ್ಲೂಕು

ಅಕ್ಕ, ನಿಮ್ಮ ಪತ್ರ ಓದಿ ಸಂಕಟ ಆಯ್ತು, ಸಿಟ್ಟೂ ಬಂತು. ನೀವು ಕೇಳಿದ್ದಕ್ಕೆ ಬಿಡಿಸಿಯೇ ಬರೀತೀನಿ.

1950ರ ಫೆಬ್ರವರೀಲಿ ಜೋಸೆಫ್ ಮೆಕಾರ್ಥಿ ಅನ್ನೋ ಸೆನೆಟರ್ ವೆಸ್ಟ್ ವರ್ಜೀನಿಯಾದ ವೀಲಿಂಗ್ ಊರಲ್ಲಿ ಒಂದು ಭಾಷಣ ಮಾಡ್ದ. ವಿದೇಶಾಂಗ ಇಲಾಖೆಯೊಳಗೆ ಕಮ್ಯುನಿಸ್ಟರು ಸೇರ್ಕೊಂಡಿದಾರೆ, 205 ಜನರ ಪಟ್ಟಿ ನನ್ನ ಕೈಲಿದೆ ಅಂತ. ಆಮೇಲೆ ಆ ಸಂಖ್ಯೆ 57 ಆಯ್ತು, 81 ಆಯ್ತು, ಒಂದೊಂದು ಸಲ ಒಂದೊಂದು. ರಷ್ಯಾ ಅಣುಬಾಂಬು ಪರೀಕ್ಷೆ ಮಾಡಿ ವರ್ಷನೂ ಆಗಿರ್ಲಿಲ್ಲ, ಚೀನಾದಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದಿದ್ರು, ಜನ ಮೊದಲೇ ಹೆದರಿದ್ರು, ಅಂಥ ಹೊತ್ತಲ್ಲಿ ಒಬ್ಬ ಸೆನೆಟರ್ ಬೆರಳು ತೋರಿಸಿದ ಅಂದ್ರೆ ಸಾಕು, ಆ ಮನುಷ್ಯನ ಕೆಲಸ ಹೋಯ್ತು, ಮರ್ಯಾದೆ ಹೋಯ್ತು, ಅಕ್ಕಪಕ್ಕದವರು ಮಾತು ಬಿಟ್ರು. ಅವನ ಮೇಲೆ ಕೇಸು ಹಾಕೋಣ ಅಂದ್ರೆ ಸದನದೊಳಗೆ ಆಡಿದ ಮಾತಿಗೆ ಕೋರ್ಟಲ್ಲಿ ಕೇಸು ಹಾಕೋ ಹಾಗಿಲ್ಲ. ನಮ್ಮಲ್ಲೂ ಎಂಪಿ ಎಂಎಲ್‌ಎಗಳಿಗೆ ಆ ರಕ್ಷಣೆ ಇದೆ, ಸಂವಿಧಾನದ 105 ಮತ್ತು 194ನೇ ವಿಧಿ. ಹೆದರಿಕೆ ಇಲ್ದೆ ಜನರ ಪರ ಮಾತಾಡ್ಲಿ ಅಂತ ಕೊಟ್ಟ ರಕ್ಷಣೇನ ಅವನು ಜನರ ಮಾನ ಕಳೆಯೋಕೆ ಬಳಸ್ದ.

ಸ್ಮಿತ್ ಅವನದ್ದೇ ರಿಪಬ್ಲಿಕನ್ ಪಕ್ಷದವರು. ಮೊದಮೊದಲು ಇವರೂ ಅವನ ಮಾತಲ್ಲಿ ಏನೋ ಹುರುಳಿರ್ಬೇಕು ಅಂದ್ಕೊಂಡಿದ್ರು. ಆದ್ರೆ ಸುಮ್ಮನೆ ತಲೆ ಆಡಿಸ್ಲಿಲ್ಲ, ಅವನ ಹತ್ರಾನೇ ಹೋಗಿ ನಿನ್ನ ಕಾಗದಪತ್ರ ತೋರಿಸು ಅಂತ ಕೇಳಿದ್ರು, ನೋಡಿದ್ರು, ಅದ್ರಲ್ಲಿ ಆರೋಪಕ್ಕೆ ಸಾಕಾಗೋ ಸಾಕ್ಷಿ ಕಾಣಲಿಲ್ಲ. ಆಮೇಲೆ ಹಿರಿಯರು ಯಾರಾದ್ರೂ ಎದ್ದು ಕೇಳ್ತಾರಾ ಅಂತ ಕಾದ್ರು. ಇವರು ಸೆನೆಟ್‌ಗೆ ಬಂದು ಒಂದೂವರೆ ವರ್ಷ ಅಷ್ಟೇ, ಹೊಸಬರು ಬಾಯಿ ಬಿಡಬಾರದು ಅನ್ನೋದು ಅಲ್ಲಿನ ಅಲಿಖಿತ ನಿಯಮ. ಹಿರಿಯರು ಯಾರೂ ಏಳ್ಲಿಲ್ಲ.

ಅವಾಗ ಏನು ಮಾಡಿದ್ರು ನೋಡಿ. ತಮ್ಮ ಸಹಾಯಕ ವಿಲಿಯಂ ಲೂಯಿಸ್ ಜೊತೆ ಕೂತು ಒಂದು ಹೇಳಿಕೆ ಬರೆದ್ರು. ತಮ್ಮದೇ ಪಕ್ಷದಲ್ಲಿ ಒಳಗೊಳಗೇ ಬೇಜಾರಾಗಿದ್ದ ಆರು ಜನ ಸೆನೆಟರ್‌ಗಳ ಸಹಿ ಹಾಕಿಸ್ಕೊಂಡ್ರು. ಭಾಷಣದ ಪ್ರತಿಗಳನ್ನ ಮೊದಲೇ ಮಾಡಿಸಿ, ತಾವು ಮಾತು ಶುರು ಮಾಡೋ ತನಕ ಪತ್ರಕರ್ತರಿಗೆ ಹಂಚಬೇಡ ಅಂತ ಲೂಯಿಸ್ ಕೈಲಿ ಕೊಟ್ಟಿದ್ರು, ಮೊದಲೇ ಗೊತ್ತಾದ್ರೆ ಪಕ್ಷದ ದೊಡ್ಡವರು ಬಂದು ಬೇಡ ಅಂತ ತಡೀತಾರೆ ಅಂತ.

1950ರ ಜೂನ್ 1. ಸೆನೆಟರ್‌ಗಳ ಆಫೀಸಿಂದ ಸದನಕ್ಕೆ ನೆಲದಡಿ ಒಂದು ಸಣ್ಣ ರೈಲಿದೆ, ಅಲ್ಲಿ ಮೆಕಾರ್ಥಿನೇ ಎದುರಾದ. ಏನು ಮಾರ್ಗರೆಟ್, ಮುಖ ಬಿಗಿ ಮಾಡ್ಕೊಂಡಿದೀರಿ, ಭಾಷಣ ಇದೆಯಾ ಅಂತ ಕೇಳ್ದ. ಹೌದು, ನಿಮಗೆ ಹಿಡಿಸಲ್ಲ ಅಂದ್ರು ಇವರು. ಒಳಗೆ ಹೋಗಿ ತಮ್ಮ ಜಾಗದಲ್ಲಿ ಎದ್ದು ನಿಂತ್ರು, ಅವನು ಎರಡು ಸಾಲು ಹಿಂದೆ ಕೂತಿದ್ದ. ಹದಿನೈದು ನಿಮಿಷ ಮಾತಾಡಿದ್ರು. ಅವನ ಹೆಸರು ಒಂದ್ಸಲನೂ ತಗೊಳ್ಲಿಲ್ಲ, ಆದ್ರೆ ಯಾರ ಬಗ್ಗೆ ಅಂತ ಅಲ್ಲಿದ್ದವರಿಗೆಲ್ಲ ಗೊತ್ತಾಯ್ತು. ನಾನು ರಿಪಬ್ಲಿಕನ್ ಆಗಿ ಮಾತಾಡ್ತಿದೀನಿ, ಹೆಂಗಸಾಗಿ ಮಾತಾಡ್ತಿದೀನಿ, ಸೆನೆಟರ್ ಆಗಿ, ಅಮೆರಿಕನ್ ಆಗಿ ಮಾತಾಡ್ತಿದೀನಿ ಅಂದ್ರು. ಟೀಕೆ ಮಾಡೋ ಹಕ್ಕು, ಬೇರೆಯವರಿಗೆ ಹಿಡಿಸದ ನಂಬಿಕೆ ಇಟ್ಕೊಳ್ಳೋ ಹಕ್ಕು, ಪ್ರತಿಭಟನೆ ಮಾಡೋ ಹಕ್ಕು, ಸ್ವಂತವಾಗಿ ಯೋಚನೆ ಮಾಡೋ ಹಕ್ಕು, ಈ ನಾಲ್ಕರಲ್ಲಿ ಯಾವುದನ್ನ ಬಳಸಿದ್ರೂ ಕಮ್ಯುನಿಸ್ಟ್ ಅನ್ನಿಸ್ಕೊಳ್ಳೋ ಹಂಗಾಗಿದೆ ಅಂದ್ರು. ಭಯ, ಅಜ್ಞಾನ, ಮತಾಂಧತೆ, ಕೆಸರೆರಚೋದು ಈ ನಾಲ್ಕು ಕುದುರೆ ಏರಿ ನಮ್ಮ ಪಕ್ಷ ಗೆಲ್ಲೋದು ನನಗೆ ಬೇಡ ಅಂದ್ರು. ಪಕ್ಷ ಸೋಲಲಿ ಅಂತ ಅವರು ಹೇಳ್ಲಿಲ್ಲ ಗಮನಿಸಿ. ಆಗಿದ್ದ ಡೆಮಾಕ್ರಟಿಕ್ ಸರ್ಕಾರಾನೂ ಚೆನ್ನಾಗಿ ತರಾಟೆಗೆ ತಗೊಂಡ್ರು, ಪಕ್ಷ ಗೆಲ್ಲಲಿ, ಆದ್ರೆ ಹಿಂಗೆ ಗೆಲ್ಲೋದು ಬೇಡ ಅನ್ನೋದು ಅವರ ವಾದ.

ಭಾಷಣ ಮುಗಿದಾಗ ಮೆಕಾರ್ಥಿ ಉತ್ತರ ಕೊಡದೆ ಎದ್ದು ಹೋದ. ಆಮೇಲೆ ಹೊರಗಡೆ ಇವರನ್ನೂ ಸಹಿ ಹಾಕಿದ ಆರು ಜನರನ್ನೂ ಸೇರಿಸಿ ಮಕ್ಕಳ ಕಥೆಯ ಸ್ನೋ ವೈಟ್ ಮತ್ತು ಆರು ಕುಳ್ಳರು ಅಂತ ಆಡ್ಕೊಂಡ. ತನಿಖೆ ಮಾಡೋ ಒಂದು ಮುಖ್ಯ ಉಪಸಮಿತಿಯಿಂದ ಇವರನ್ನ ತೆಗೆಸಿ ಆ ಜಾಗಕ್ಕೆ ರಿಚರ್ಡ್ ನಿಕ್ಸನ್‌ನ ಹಾಕಿಸ್ದ. ಅದೇ ಜೂನ್ 25ಕ್ಕೆ ಕೊರಿಯಾ ಯುದ್ಧ ಶುರುವಾಯ್ತು, ಜನರ ಗಮನ ಎಲ್ಲ ಅತ್ಲಾಗೆ ಹೋಯ್ತು, ಸಹಿ ಹಾಕಿದವರಲ್ಲೂ ಕೆಲವರು ಮೆಲ್ಲಗೆ ಹಿಂದೆ ಸರಿದ್ರು. ಇವರು ಸರೀಲಿಲ್ಲ. 1954ರಲ್ಲಿ ಇವರನ್ನ ಸೋಲಿಸೋಕೆ ಮೆಕಾರ್ಥಿ ಕಡೆಯವನೊಬ್ಬ ಪಕ್ಷದೊಳಗೇ ಎದುರು ನಿಂತ, ಇವರು ಭಾರೀ ಅಂತರದಲ್ಲಿ ಗೆದ್ರು. ಅದೇ ವರ್ಷ ಡಿಸೆಂಬರ್ 2ಕ್ಕೆ ಸೆನೆಟ್ 67–22 ಮತದಲ್ಲಿ ಮೆಕಾರ್ಥಿಗೆ ಛೀಮಾರಿ ಹಾಕ್ತು, ಆ 67ರಲ್ಲಿ ಸ್ಮಿತ್ ಅವರದ್ದೂ ಒಂದು. ನಾಲ್ಕೂವರೆ ವರ್ಷ ಹಿಡೀತು ಅಕ್ಕ.

ಈಗ ನಿಮ್ಮ ಕಾಲುಸಂಕಕ್ಕೆ ಬರೋಣ. ಆ ಹದಿನೈದು ನಿಮಿಷದ ಮಾತಿಗಿಂತ ಅದಕ್ಕೆ ಮುಂಚೆ ಅವರು ಮಾಡ್ಕೊಂಡ ತಯಾರಿ ನಿಮಗೆ ಜಾಸ್ತಿ ಉಪಯೋಗಕ್ಕೆ ಬರುತ್ತೆ ಅಂತ ನನಗನ್ಸುತ್ತೆ. ಬಾಯಲ್ಲಿ ಹೇಳಿದ್ದನ್ನ ಟೀ ಲೋಟದ ಜೊತೆಗೇ ಎತ್ಕೊಂಡು ಹೋಗ್ತಾರೆ, ಅದಕ್ಕೇ ಮೊದಲು ಬರೀರಿ. ಯಾವ ಹಳ್ಳ, ಯಾವ ಮನೆ ಹತ್ರ, ಎಷ್ಟು ಮಕ್ಕಳು ದಾಟ್ತಾರೆ, ಯಾವ ತಿಂಗಳಿಂದ ಯಾವ ತಿಂಗಳ ತನಕ ನೀರಿರುತ್ತೆ, ಇಷ್ಟು ಸಾಕು, ಒಂದು ಹಾಳೆ. ದಬ್ಬೆ ಮೇಲೆ ಮಕ್ಕಳು ಬ್ಯಾಗ್ ಹಾಕ್ಕೊಂಡು ಒಬ್ಬರ ಹಿಂದೆ ಒಬ್ಬರು ದಾಟೋದು ಒಂದು ಫೋಟೋ ತೆಗೆದು ಅಂಟಿಸಿ. ಮೀಟಿಂಗಿಗೆ ನಾಲ್ಕು ದಿನ ಮುಂಚೆನೇ ಪಿಡಿಒ ಕೈಗೆ ಕೊಟ್ಟು ಇನ್ನೊಂದು ಪ್ರತಿ ಮೇಲೆ ಸೀಲು ಸಹಿ ಹಾಕಿಸ್ಕೊಳ್ಳಿ, ಇದನ್ನ ಅಜೆಂಡಾಕ್ಕೆ ಸೇರಿಸಿ ಅಂತ ಅದ್ರಲ್ಲೇ ಬರೆದಿರ್ಲಿ. ನಿಮ್ಮ ಸಾಲಲ್ಲಿ ಕೂತಿರೋ ಬೇರೆ ಹೆಂಗಸ್ರಲ್ಲಿ ಇಬ್ಬರ ಸಹಿ ಸಿಕ್ಕಿದ್ರೂ ಬಲ ಬರುತ್ತೆ, ಅವರ ವಾರ್ಡಿನ ನೀರಿನದ್ದೋ ಬೀದಿದೀಪದ್ದೋ ಒಂದು ವಿಷಯಕ್ಕೆ ನೀವೂ ಸಹಿ ಹಾಕಿ ಕೊಡಿ. ಮೀಟಿಂಗಲ್ಲಿ ಯಾರನ್ನೂ ಬಯ್ಯೋದು ಬೇಡ, ಹೆಸರೂ ಎತ್ತೋದು ಬೇಡ, ಬರೆದಿದ್ದನ್ನ ನಿಂತು ಓದಿ ಅಷ್ಟೇ.

ಕೊನೇಲಿ ಪುಸ್ತಕ ಬರುತ್ತಲ್ಲ, ಅವಾಗ ಅವಸರ ಮಾಡ್ಬೇಡಿ. ಎಲ್ಲರೂ ಬಸ್ಸಿಗೆ ಹೊತ್ತಾಯ್ತು ಅಂತ ಎದ್ದಿರ್ತಾರೆ, ಎದ್ದಿರ್ಲಿ. ಕೂತು ಓದಿ, ನಿಮ್ಮ ಸಂಕದ ವಿಷಯ ಅದ್ರಲ್ಲಿದೆಯಾ ನೋಡಿ, ಇಲ್ದಿದ್ರೆ ಬರೀರಿ ಅಂತ ಕೇಳಿ, ಬರೀಲ್ಲ ಅಂದ್ರೆ ನಿಮ್ಮ ಸಹಿ ಪಕ್ಕದಲ್ಲಿ ಕಾಲುಸಂಕದ ನನ್ನ ವಿಷಯ ದಾಖಲಾಗಿಲ್ಲ ಅಂತ ನಿಮ್ಮ ಕೈಯಾರೆ ಬರೆದು ಸಹಿ ಮಾಡಿ. ನಾಳೆ ತಾಲ್ಲೂಕು ಪಂಚಾಯಿತಿಯವರೋ ಎಂಎಲ್‌ಎನೋ ಕೇಳಿದಾಗ ತೋರಿಸೋಕೆ ಆ ಒಂದು ಸಾಲು ಇರುತ್ತೆ. ಯಜಮಾನ್ರನ್ನ ಕಳ್ಸಿ ಅಂದ್ರೆ, ಓಟು ಬಿದ್ದಿದ್ದು ನನ್ನ ಹೆಸ್ರಿಗೆ ಅಂತ ಹೇಳಿ. ಕರ್ನಾಟಕದಲ್ಲಿ 1983ರ ಕಾಯ್ದೇಲೇ ಹೆಂಗಸ್ರಿಗೆ ನೂರಕ್ಕೆ 25 ಸೀಟು ಇಟ್ರು, ದೇಶಕ್ಕೆಲ್ಲ ಮೂರನೇ ಒಂದು ಬರೋಕೆ ಇನ್ನೂ ಹತ್ತು ವರ್ಷ ಇತ್ತು, ಈಗ ಅದು ಅರ್ಧ ಆಗಿದೆ. ಆ ಸೀಟು ಸಹಿ ಹಾಕೋಕೆ ಕೊಟ್ಟಿದ್ದಲ್ಲ.

ಗೋಪಾಲಗೌಡರು ಸದನದಲ್ಲಿ ಗುಡುಗಿದ ಕಥೆ ಕೇಳಿ ಬೆಳೆದವ ನಾನು. ಅಮೆರಿಕದವರ ಉದಾಹರಣೆ ಎಂತಕ್ಕೆ? ನಮ್ಮ ಮೇಲ್ಮನೆಗಳಲ್ಲಿ ಮಾತಾಡಿದ ಹೆಂಗಸ್ರಿಲ್ವಾ?
– ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ಇದಾರೆ ಮೇಷ್ಟ್ರೇ, ಆದ್ರೆ ಅವರ ಮಾತನ್ನ ನಾವು ನೆನಪಿಟ್ಕೊಂಡಿಲ್ಲ, ಆ ಬೇಜಾರು ನನಗೂ ಇದೆ. ಶಾಂತವೇರಿ ಗೋಪಾಲಗೌಡರ ಮಾತನ್ನ ತೀರ್ಥಹಳ್ಳಿ ಕಡೆ ಟೀ ಅಂಗಡೀಲೂ ಹೇಳೋರಿದಾರೆ, ವೈಲೆಟ್ ಆಳ್ವ ಯಾರು ಅಂತ ಕೇಳಿದ್ರೆ ಎಷ್ಟು ಜನ ಹೇಳ್ತಾರೆ?

ವೈಲೆಟ್ ಆಳ್ವ 1908ರಲ್ಲಿ ಅಹಮದಾಬಾದಲ್ಲಿ ಹುಟ್ಟಿದವರು, ಮುಂಬೈಯಲ್ಲಿ ವಕೀಲರಾದವರು. ಹೈಕೋರ್ಟಿನ ಪೂರ್ಣ ಪೀಠದ ಎದುರು ವಾದ ಮಾಡಿದ ಮೊದಲ ಭಾರತೀಯ ವಕೀಲೆ ಅಂತ ಹೆಸರು, ಅದು 1944. ಸ್ವಾತಂತ್ರ್ಯ ಹೋರಾಟದಲ್ಲಿ ಎಳೆ ಕೂಸಿನ ಜೊತೆ ಜೈಲಿಗೂ ಹೋಗಿ ಬಂದವರು. 1952ರಲ್ಲಿ ಇವರು ರಾಜ್ಯಸಭೆಗೆ, ಗಂಡ ಜೋಕಿಂ ಆಳ್ವ ನಮ್ಮ ಪಕ್ಕದ ಕೆನರಾ ಕ್ಷೇತ್ರದಿಂದ ಲೋಕಸಭೆಗೆ, ಸಂಸತ್ತಿನ ಮೊದಲ ದಂಪತಿ. 1957ರಲ್ಲಿ ಗೃಹ ಇಲಾಖೆ ಉಪಮಂತ್ರಿ ಆದ್ರು. 1962ರಲ್ಲಿ ರಾಜ್ಯಸಭೆ ಉಪಸಭಾಪತಿ ಆದ್ರು, ಆ ಕುರ್ಚೀಲಿ ಕೂತ ಮೊದಲ ಮಹಿಳೆ. ಯಾರು ಎಷ್ಟು ಹೊತ್ತು ಮಾತಾಡ್ಬೇಕು, ಯಾವ ಮಾತು ಕಡತದಲ್ಲಿ ಉಳೀಬೇಕು, ಯಾವುದನ್ನ ತೆಗೀಬೇಕು ಅಂತ ತೀರ್ಮಾನ ಮಾಡೋ ಕುರ್ಚಿ ಅದು, ಅದಕ್ಕೇ ಇದನ್ನ ಒತ್ತಿ ಹೇಳ್ತಿರೋದು. ಏಳು ವರ್ಷ ನಡೆಸಿದ್ರು. 1969ರ ನವೆಂಬರಲ್ಲಿ ರಾಜೀನಾಮೆ ಕೊಟ್ರು, ಕೆಲವೇ ದಿನದಲ್ಲಿ ತೀರ್ಕೊಂಡ್ರು.

ಅವರ ಸೊಸೆ ಮಾರ್ಗರೆಟ್ ಆಳ್ವ ಮಂಗಳೂರಲ್ಲಿ ಹುಟ್ಟಿದವರು, 1974ರಿಂದ 1998ರ ತನಕ ನಾಲ್ಕು ಅವಧಿ ರಾಜ್ಯಸಭೇಲಿ ಇದ್ದು, 1999ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಗೆದ್ದವರು. ರಾಜೀವ್ ಗಾಂಧಿ ಸರ್ಕಾರದಲ್ಲಿ ಮಂತ್ರಿಯಾಗಿದ್ದಾಗ ಪಂಚಾಯಿತಿಗಳಲ್ಲಿ ಹೆಂಗಸ್ರಿಗೆ ಮೀಸಲು ಬೇಕು ಅಂತ ಹಟ ಹಿಡಿದವರಲ್ಲಿ ಇವರೂ ಒಬ್ಬರು. ಆ ಪಂಚಾಯಿತಿ ಮಸೂದೆ 1989ರಲ್ಲಿ ಲೋಕಸಭೇಲಿ ಪಾಸಾಗಿ ಬಂದು ಅಕ್ಟೋಬರಲ್ಲಿ ರಾಜ್ಯಸಭೇಲಿ ಕೆಲವೇ ಓಟು ಕಡಿಮೆಯಾಗಿ ಬಿದ್ದುಹೋಯ್ತು. ಮತ್ತೆ ತಂದು 73ನೇ ತಿದ್ದುಪಡಿ ಆಗಿ ಜಾರಿಗೆ ಬಂದಿದ್ದು 1993ರ ಏಪ್ರಿಲ್ 24ಕ್ಕೆ. ಮೇಲಿನ ಹೊಸನಗರದ ಅಕ್ಕ ಕೂತಿರೋ ಸೀಟಿನ ಹಿಂದೆ ಇಷ್ಟು ಕಥೆ ಇದೆ.

ನಮ್ಮ ರಾಜ್ಯದ ಮೇಲ್ಮನೆ ಅಂದ್ರೆ 75 ಜನರ ವಿಧಾನ ಪರಿಷತ್ತು. ಮೂಡಿಗೆರೆಯ ಮೋಟಮ್ಮ ಅಲ್ಲಿ ವಿರೋಧ ಪಕ್ಷದ ನಾಯಕಿ ಆಗಿದ್ರು, ಕಡೂರು ತಾಲ್ಲೂಕಿನ ತಾಂಡಾದಲ್ಲಿ ಹುಟ್ಟಿದ ಬಿ.ಟಿ. ಲಲಿತಾ ನಾಯಕ್ ಬರವಣಿಗೆಯಿಂದ ಪರಿಷತ್ತಿಗೆ ಬಂದು ಮಂತ್ರಿನೂ ಆದವರು. ಕೆಳಮನೇಲಿ ಕೆ.ಎಸ್. ನಾಗರತ್ನಮ್ಮ 1972ರಿಂದ 78ರ ತನಕ ಸ್ಪೀಕರ್ ಆಗಿದ್ರು. ಇವರ ಮಾತುಗಳನ್ನ ಕಡತದಿಂದ ತೆಗೆದು ನಮ್ಮ ಶಾಲೆ ಮಕ್ಕಳ ಕೈಗೆ ಕೊಡೋ ಕೆಲಸ ಯಾರಾದ್ರೂ ಮಾಡ್ಬೇಕು, ನಿಮ್ಮಂಥ ಮೇಷ್ಟ್ರು ಮುಂದೆ ಬಂದ್ರೆ ಈ ಪತ್ರಿಕೇಲಿ ಜಾಗ ಇದೆ.

ಇನ್ನೊಂದು ವಿಷಯ. 2023ರ ಸೆಪ್ಟೆಂಬರಲ್ಲಿ ಪಾಸಾದ ಮಹಿಳಾ ಮೀಸಲಾತಿ ತಿದ್ದುಪಡಿ ಲೋಕಸಭೆಗೂ ವಿಧಾನಸಭೆಗೂ ಮಾತ್ರ. ರಾಜ್ಯಸಭೆ, ವಿಧಾನ ಪರಿಷತ್ತು ಅದ್ರಲ್ಲಿಲ್ಲ. ಮೇಲ್ಮನೆಗೆ ಹೆಂಗಸ್ರನ್ನ ಕಳಿಸೋದು ಬಿಡೋದು ಇವತ್ತಿಗೂ ಪಕ್ಷದ ಮನಸ್ಸಿಗೆ ಬಿಟ್ಟಿದ್ದು, ಇದು ನನಗೆ ಸರಿ ಕಾಣಲ್ಲ.

ಸ್ವಂತ ಪಕ್ಷದ ವಿರುದ್ಧ ಮಾತಾಡೋದು ನಮ್ಮಲ್ಲಿ ಆಗೋ ಮಾತಾ ಮಾರಾಯ್ರೇ? ವಿಪ್ ಕೊಟ್ರೆ ಮುಗೀತು.
– ಅಡಿಕೆ ಬೆಳೆಗಾರರು, ಕೊಪ್ಪ

ವಿಪ್ ಅಂದ್ರೆ ಹಿಂಗೇ ಓಟು ಹಾಕಿ ಅನ್ನೋ ಪಕ್ಷದ ಆದೇಶ, ಅದು ಓಟಿಗೆ, ಮಾತಿಗಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನಲ್ಲಿ ಪಕ್ಷದ ಆದೇಶ ಮೀರಿ ಓಟು ಹಾಕಿದ್ರೆ, ಓಟಿಗೆ ಬರದೇ ಇದ್ರೆ, ತಾನಾಗೇ ಪಕ್ಷ ಬಿಟ್ರೆ ಸೀಟು ಹೋಗುತ್ತೆ. ಸದನದಲ್ಲಿ ನಿಂತು ಈ ಮಸೂದೇಲಿ ಈ ತಪ್ಪಿದೆ ಅಂತ ಹೇಳಿದ್ದಕ್ಕೇ ಸೀಟು ಹೋಗ್ಬೇಕು ಅಂತ ಅದ್ರಲ್ಲಿಲ್ಲ. ಮುಂದಿನ ಸಲ ಟಿಕೆಟ್ ಸಿಗದೇ ಹೋಗ್ಬೋದು, ಆ ಹೆದರಿಕೆ ನಿಜ, ಸ್ಮಿತ್ ಅವರಿಗೂ ಸಮಿತಿ ಜಾಗ ಹೋಯ್ತಲ್ಲ. ಗ್ರಾಮ ಪಂಚಾಯಿತೀಲಂತೂ ಪಕ್ಷದ ಚಿಹ್ನೆನೇ ಇಲ್ಲ, ಅಲ್ಲಿ ವಿಪ್ ಅನ್ನೋ ನೆಪ ಹೇಳೋಕೂ ಬರಲ್ಲ.

ಇವರನ್ನ ದೇವತೆ ಮಾಡ್ಬೇಡಿ. ಅಣುಬಾಂಬಿನ ಪರ ಇದ್ದವ್ರಲ್ವಾ ಇವ್ರು?
– ಭದ್ರಾವತಿ

ಹೌದು, ಇದ್ರು. 1961ರಲ್ಲಿ ಅಧ್ಯಕ್ಷ ಕೆನಡಿ ಅಣ್ವಸ್ತ್ರದ ವಿಷಯದಲ್ಲಿ ಮೆತ್ತಗಾಗಿದಾರೆ, ರಷ್ಯಾಗೆ ಹೆದರಿಕೆನೇ ಇಲ್ಲ ಅನ್ನೋ ಅರ್ಥದ ಭಾಷಣ ಸೆನೆಟಲ್ಲಿ ಮಾಡಿದ್ರು, ರಷ್ಯಾದ ನಾಯಕ ಕ್ರುಶ್ಚೇವ್ ಇದಕ್ಕೆ ಕೆಂಡಾಮಂಡಲ ಆಗಿ ಹೆಂಗಸಿನ ವೇಷದ ಸೈತಾನ ಅನ್ನೋ ಥರ ಬಯ್ದಿದ್ದೂ ಇದೆ. 1963ರಲ್ಲಿ ಅಣುಪರೀಕ್ಷೆ ನಿಲ್ಲಿಸೋ ಒಪ್ಪಂದ 80–19ರಲ್ಲಿ ಪಾಸಾದಾಗ ವಿರೋಧ ಹಾಕಿದ 19 ಜನರಲ್ಲಿ ಇವರೂ ಇದ್ರು. ವಿಯೆಟ್ನಾಂ ಯುದ್ಧಕ್ಕೂ ಬೆಂಬಲ ಕೊಟ್ರು. ಇದ್ಯಾವುದನ್ನೂ ನಾನು ಒಪ್ಪಲ್ಲ, ಆ ಒಪ್ಪಂದಕ್ಕೆ ವಿರೋಧ ಹಾಕಿದ್ದು ಅವರ ದೊಡ್ಡ ತಪ್ಪು ಅಂತಲೇ ನನ್ನ ಅಭಿಪ್ರಾಯ.

ಆದ್ರೆ ಅವರ ಓಟಿಗೆ ಯಾರೂ ಮೊದಲೇ ಬೆಲೆ ಕಟ್ಟೋಕೆ ಆಗ್ತಿರ್ಲಿಲ್ಲ, ಅದನ್ನೂ ಹೇಳ್ಬೇಕಲ್ಲ. ಇವರು ಕೆಳಮನೇಲಿದ್ದಾಗ ಸೇನೇಲಿ ಹೆಂಗಸ್ರಿಗೆ ಖಾಯಂ ಸ್ಥಾನ ಬೇಡ, ಮೀಸಲು ಪಡೇಲಿ ಮಾತ್ರ ಇರ್ಲಿ ಅಂತ ಸಮಿತಿ ತೀರ್ಮಾನ ಮಾಡ್ತು, ಸಮಿತೀಲಿ ಆ ತೀರ್ಮಾನಕ್ಕೆ ವಿರೋಧ ಹಾಕಿದವರು ಇವರೊಬ್ಬರೇ. ಯುದ್ಧದಲ್ಲಿ ದುಡಿಸ್ಕೊಂಡು ಈಗ ಪೆನ್ಷನ್ನೂ ಇಲ್ಲ ಭದ್ರತೇನೂ ಇಲ್ಲ ಅಂದ್ರೆ ಹೆಂಗೆ ಅಂತ ಹಟ ಬಿಡ್ಲಿಲ್ಲ, ಕೊನೆಗೆ ಖಾಯಂ ಸ್ಥಾನದ ಕಾಯ್ದೆನೇ ಬಂತು, 1948ರ ಜೂನ್ 12ಕ್ಕೆ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ್ರು. 1970ರಲ್ಲಿ ನಿಕ್ಸನ್, ಅಂದ್ರೆ ಇವರದ್ದೇ ಪಕ್ಷದ ಅಧ್ಯಕ್ಷರು, ಕಾರ್ಸ್‌ವೆಲ್ ಅನ್ನೋರನ್ನ ಸುಪ್ರೀಂ ಕೋರ್ಟಿಗೆ ಹೆಸರಿಸಿದಾಗ ಇವರು ವಿರೋಧ ಓಟು ಹಾಕಿದ್ರು, 51–45ರಲ್ಲಿ ಹೆಸರು ಬಿತ್ತು. ಅದೇ ವರ್ಷ ಜೂನ್ 1ಕ್ಕೆ, ಮೊದಲ ಭಾಷಣಕ್ಕೆ ಸರಿಯಾಗಿ ಇಪ್ಪತ್ತು ವರ್ಷಕ್ಕೆ, ಮತ್ತೆ ಎದ್ದು ನಿಂತು ಎಡ ಬಲ ಎರಡೂ ಕಡೆ ಅತಿರೇಕದವರನ್ನ ಟೀಕೆ ಮಾಡಿದ್ರು.

ದಿನಾ ಗುಲಾಬಿ ಮುಡ್ಕೊಂಡು ಬರ್ತಿದ್ರಂತೆ, ಹೌದಾ? ಪ್ರೆಸಿಡೆಂಟ್ ಎಲೆಕ್ಷನ್ನಿಗೂ ನಿಂತಿದ್ರಾ?
– ನರ್ಸಿಂಗ್ ವಿದ್ಯಾರ್ಥಿನಿಯರು, ಶಿವಮೊಗ್ಗ

ಮುಡ್ಕೊಳ್ಳೋದಲ್ಲ, ಕೋಟಿಗೆ ಒಂದು ಕೆಂಪು ಗುಲಾಬಿ ಸಿಕ್ಕಿಸ್ಕೊಳ್ತಿದ್ರು, ಅದು ಅವರ ಗುರುತೇ ಆಗಿತ್ತು. 1964ರಲ್ಲಿ ರಿಪಬ್ಲಿಕನ್ ಪಕ್ಷದ ಸಮಾವೇಶದಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಆಗೋಕೆ ಇವರ ಹೆಸರು ಸೂಚಿಸಿದ್ರು, ದೊಡ್ಡ ಪಕ್ಷವೊಂದರ ಸಮಾವೇಶದಲ್ಲಿ ಹೆಂಗಸಿನ ಹೆಸರು ಹಂಗೆ ಬಂದಿದ್ದು ಅದೇ ಮೊದಲು. ಆ ಸಮಾವೇಶದಲ್ಲಿ ಗೆದ್ದು ಪಕ್ಷದ ಅಭ್ಯರ್ಥಿ ಆದವರು ಸೆನೆಟರ್ ಗೋಲ್ಡ್‌ವಾಟರ್. ನನಗೆ ಗುಲಾಬಿಗಿಂತ ಜಾಸ್ತಿ ಹಿಡಿಸೋದು ಅವರ ಹಾಜರಿ. 1955ರಿಂದ 1968ರ ತನಕ ಹೆಸರು ಕೂಗಿ ಓಟು ಹಾಕಿಸಿದ 2,941 ಸಲ ಒಂದನ್ನೂ ತಪ್ಪಿಸ್ಲಿಲ್ಲ, ಸೊಂಟದ ಆಪರೇಷನ್ ಆದಾಗಲೇ ಅದು ನಿಂತಿದ್ದು. ಇದೆಲ್ಲ ನಡೆಸಿದ್ದು ಸದನದ ಪಕ್ಕ ಹೆಂಗಸ್ರಿಗೆ ಅಂತ ಒಂದು ಟಾಯ್ಲೆಟ್ ಸಹ ಇಲ್ಲದ ಕಾಲದಲ್ಲಿ, ಸೆನೆಟ್ ಸಭಾಂಗಣದ ಹತ್ರ ಮಹಿಳಾ ಸೆನೆಟರ್‌ಗಳಿಗೆ ಅದು ಆಗಿದ್ದು 1990ರ ದಶಕದಲ್ಲಿ. ನಮ್ಮ ಎಷ್ಟೋ ಪಂಚಾಯಿತಿ ಆಫೀಸುಗಳಲ್ಲಿ ಇವತ್ತಿಗೂ ಇದೇ ಗೋಳು, ಸದಸ್ಯೆಯರು ಮೀಟಿಂಗಿದ್ದ ದಿನ ಬೆಳಗ್ಗಿಂದ ನೀರು ಕುಡಿಯೋದೇ ಬಿಟ್ಟಿರ್ತಾರೆ, ಇದನ್ನ ಮೊದಲು ಸರಿಮಾಡ್ಬೇಕು.

ಅಷ್ಟು ದೊಡ್ಡವ್ರು ಕೊನೇಗೆ ಸೋತಿದ್ದು ಯಾಕೆ?
– ಸೊರಬ

1972ರಲ್ಲಿ ವಿಲಿಯಂ ಹ್ಯಾತವೇ ಅನ್ನೋರ ಎದುರು. ಆಗ ಇವರಿಗೆ 74 ದಾಟಿತ್ತು. ಹ್ಯಾತವೇ ಊರೂರು ಸುತ್ತಿ ಜನರನ್ನ ಮಾತಾಡಿಸಿದ್ರು, ಇವರು ತಮ್ಮ ರಾಜ್ಯದಲ್ಲಿ ಸಿಬ್ಬಂದಿ ಇರೋ ಒಂದು ಆಫೀಸೂ ಇಟ್ಟಿಲ್ಲ, ಕಷ್ಟ ಹೇಳ್ಕೊಳ್ಳೋಕೆ ಜನ ಎಲ್ಲಿಗೆ ಹೋಗ್ಬೇಕು ಅನ್ನೋ ದೂರಿತ್ತು. ಆ ದೂರಲ್ಲಿ ನ್ಯಾಯ ಇದೆ. ಸದನದಲ್ಲಿ ವರ್ಷಗಟ್ಟಲೆ ಒಂದು ಓಟೂ ತಪ್ಪಿಸದೆ ಕೂತವರು ಊರಲ್ಲಿ ಸಿಗ್ತಿರ್ಲಿಲ್ಲ. ಆಮೇಲೆ ಸ್ಕೌಹೀಗನ್‌ಗೇ ವಾಪಸ್ ಹೋಗಿ, ತಮ್ಮ ಕಾಗದಪತ್ರ, ಭಾಷಣ ಎಲ್ಲ ಇಟ್ಟ ಗ್ರಂಥಾಲಯ ಅಲ್ಲೇ ಮಾಡಿ, 1995ರ ಮೇ 29ಕ್ಕೆ ತೀರ್ಕೊಂಡ್ರು.

ಇಂಥ ಸದನದ ಚರ್ಚೆಗಳು ನಮ್ಮಂಥವ್ರಿಗೆ ಓದೋಕೆ ಸಿಗುತ್ತಾ?
– ಪದವಿ ವಿದ್ಯಾರ್ಥಿ, ಶಿಕಾರಿಪುರ

ಸಿಗುತ್ತೆ. ರಾಜ್ಯಸಭೆಯ ಚರ್ಚೆಗಳು 1952ರಿಂದಲೂ ಸ್ಕ್ಯಾನ್ ಆಗಿ ಅವರದ್ದೇ ವೆಬ್‌ಸೈಟಲ್ಲಿ ಇದಾವೆ, ದುಡ್ಡು ಕೊಡ್ಬೇಕಿಲ್ಲ, ಸದಸ್ಯರ ಹೆಸರು ಹಾಕಿ ಹುಡುಕ್ಬೋದು. ಇಂಗ್ಲಿಷು ಹಿಂದಿ ಜಾಸ್ತಿ, ಅದೊಂದು ಕಷ್ಟ ಇದೆ. ಸ್ಮಿತ್ ಅವರ 1950ರ ಭಾಷಣ ಅಮೆರಿಕದ ಸೆನೆಟ್ ವೆಬ್‌ಸೈಟಲ್ಲೇ ಪೂರ್ತಿ ಇದೆ, ಕೆಲವೇ ಪುಟ, ಡಿಕ್ಷನರಿ ಪಕ್ಕದಲ್ಲಿಟ್ಕೊಂಡ್ರೆ ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸ್ಬೋದು. ನೀವು ಅದನ್ನ ಕನ್ನಡಕ್ಕೆ ಮಾಡಿ ಕಳಿಸಿದ್ರೆ ನಾನೇ ಕೂತು ತಿದ್ದಿಕೊಡ್ತೀನಿ, ಹೊಸನಗರದ ಅಕ್ಕನಿಗೂ ಒಂದು ಪ್ರತಿ ಕಳಿಸೋಣ.